ತೊಟ್ಟಿಗೆ ಇಳಿಯದವಳು

೬ ಜನವರಿ ೨೦೦೨, ಭಾನುವಾರ

ಆರಾಧನೆ ಮುಗಿಸಿ ಹೊರಗೆ ಚಪ್ಪಲಿ ಹುಡುಕುತ್ತಿದ್ದಾಗ ಮೋಹನ್‌ಕುಮಾರ್ ಬಂದು ಅಡ್ಡ ನಿಂತ. ಮೇ ತಿಂಗಳಿಗೆ ನಮ್ಮ ಪ್ರಾರ್ಥನಾಲಯಕ್ಕೆ ಎಪ್ಪತ್ತೈದು ವರ್ಷ ತುಂಬುತ್ತದಂತೆ. ಅಮೃತ ಮಹೋತ್ಸವ ಮಾಡುತ್ತಾರಂತೆ, ಸ್ಮರಣ ಸಂಚಿಕೆ ತರುತ್ತಾರಂತೆ, ಅದಕ್ಕೆ ಸಭೆಯ ಚರಿತ್ರೆಯನ್ನು ನಾನೇ ಬರೆದುಕೊಡಬೇಕಂತೆ. ನಿಮ್ಮಷ್ಟು ಓದಿದವರು ನಮ್ಮಲ್ಲಿ ಇನ್ಯಾರಿದ್ದಾರೆ ಎಂದು ಹಲ್ಲು ಬಿಟ್ಟ. ಹೋದ ವರ್ಷ ಇದೇ ಬಾಯಿ ನನ್ನನ್ನು ಕೊಂಕು ಮುದುಕಿ ಅಂದದ್ದು ನನ್ನ ಕಿವಿಗೂ ಬಿದ್ದಿದೆ. ಹಿರಿಯರ ಸಮಿತಿಗೆ ಅವನು ಅಧ್ಯಕ್ಷ. ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ. ಪ್ರಾರ್ಥನೆಗೆ ಎದ್ದು ನಿಂತನೆಂದರೆ ದೇವರಿಗೇ ಸಿಮೆಂಟು ಮಾರುತ್ತಿದ್ದಾನೇನೋ ಅನ್ನಿಸುತ್ತದೆ.

ಆಗಲಿ ಅಂದು ಬಂದೆ. ಯಾಕಂದೆನೋ. ಮಲ್ಲಿಪಟ್ಟಣದ ಶಾಲೆಯಲ್ಲಿ ಬದುಕೆಲ್ಲ ಚರಿತ್ರೆ ಪಾಠ ಮಾಡಿ, ನಿವೃತ್ತಳಾಗಿ ಈ ಹೊಳೆನರಸೀಪುರಕ್ಕೆ ವಾಪಸು ಬಂದು ಒಬ್ಬಳೇ ಕೂತಿದ್ದೇನೆ, ಕೈ ಸುಮ್ಮನಿರುವುದಿಲ್ಲ. ಆದರೆ ಈ ಸಭೆಯ ಚರಿತ್ರೆ ಎಂದರೆ ನನಗೆ ಮೊದಲು ನೆನಪಾಗುವುದು ಬಾವಲಿ ಹಿಕ್ಕೆಯ ನಾತ. ಆಮೇಲೆ, ಕೀರ್ತನೆಯ ನಡುವೆ ನಂಜಪ್ಪ ನಶ್ಯ ಏರಿಸಿ ನನ್ನ ಬೆನ್ನಿಗೆ ಸೀನುವುದು. ಕ್ರಿಸ್‌ಮಸ್ ಊಟದ ದಿನ ಮಾಂಸದ ತುಂಡುಗಳನ್ನೆಲ್ಲ ಆರಿಸಿ ಕ್ಯಾರಿಯರಿಗೆ ತುಂಬಿಕೊಳ್ಳುವ ಹಿರಿಯರು. ಪ್ರಸಂಗದ ಹೊತ್ತಿಗೆ ಸರಿಯಾಗಿ ನಿದ್ದೆ ಹೋಗಿ, ಕಡೆಯ ಆಮೆನ್‌ಗೆ ಸರಿಯಾಗಿ ಏಳುವವರು.

ಈ ಉತ್ಸವ ಒಂದು ಮುಗಿದರೆ ಹಾಸನದ ದೊಡ್ಡ ಚರ್ಚಿಗೆ ಸದಸ್ಯತ್ವ ಬದಲಾಯಿಸಿಕೊಳ್ಳುವುದೇ ಸೈ. ಅಲ್ಲಿ ಫ್ಯಾನುಗಳಾದರೂ ತಿರುಗುತ್ತವೆ.

೧೭ ಜನವರಿ, ಗುರುವಾರ

ಹಳೆಯ ಸಂಗತಿ ಕೇಳಲು ನಂಜಪ್ಪನ ಮನೆಗೆ ಹೋಗಿದ್ದೆ. ಚರ್ಚು ಗುಡಿಸುವುದು, ಗಂಟೆ ಹೊಡೆಯುವುದು ಅವನದೇ. ಹೆಂಡತಿ ಸುಬ್ಬಮ್ಮ ಕಾಫಿ ಕೊಟ್ಟಳು. ಲೋಟದ ಅಂಚಿಗೆ ಅಂಟು. ಬಾಯಿಗೆ ತಾಗಿಸದೆ ಎತ್ತಿ ಕುಡಿದೆ.

ನಂಜಪ್ಪ ಹೇಳಿದ್ದನ್ನು ಬಾಲ್ಯದಲ್ಲಿ ಅರ್ಧಂಬರ್ಧ ಕೇಳಿದ್ದೆ, ಪೂರ್ತಿ ಕೇಳಿದ್ದು ಇವತ್ತೇ. ನಮ್ಮ ಸಭೆಯ ಮೊದಲನೆಯವನು ಬಾಗೂರಿನ ಕೆಂಪಣ್ಣ, ಅಂದರೆ ಈ ಮೋಹನ್‌ಕುಮಾರನ ತಾತ. ಹೊಲ, ಮನೆ, ಜೋಡಿ ಎತ್ತು ಎಲ್ಲ ಇದ್ದವನು. ಮೈಮೇಲೆ ಮಚ್ಚೆ ಎದ್ದಿತು, ಬೆರಳು ಸವೆಯತೊಡಗಿತು, ಕುಷ್ಠ ಎಂದು ಗೊತ್ತಾಯಿತು. ಅಣ್ಣತಮ್ಮಂದಿರು ಮೊದಲು ಕೊಟ್ಟಿಗೆಗೆ ಹಾಕಿದರು, ಆಮೇಲೆ ಊರಾಚೆಗೆ. ಅನ್ನವನ್ನು ಕಲ್ಲಿನ ಮೇಲೆ ಇಟ್ಟು ಓಡುತ್ತಿದ್ದರಂತೆ. ಹೆಂಡತಿ ಚಿಕ್ಕಮ್ಮ ಮಾತ್ರ ಗಂಡನನ್ನು ಬಿಡಲಿಲ್ಲ. ಕಂಕುಳಲ್ಲಿ ಮಗುವನ್ನು ಎತ್ತಿಕೊಂಡು ಅವನ ಜೊತೆ ನಡೆದು ಬಂದು ಇಲ್ಲಿ ಹೇಮಾವತಿಯ ದಡದಲ್ಲಿ ಗುಡಿಸಲು ಹಾಕಿದಳು. ಪುಸ್ತಕ ಮಾರುತ್ತ ಬಂದ ಒಬ್ಬ ಉಪದೇಶಿ ಆ ಗುಡಿಸಲಲ್ಲಿ ಕೂತು ಉಂಡನಂತೆ. ಅಷ್ಟೇ. ಅದರಿಂದಲೇ ಎಲ್ಲ ಶುರುವಾಯಿತು. ಆಮೇಲೆ ಬೆಂಗಳೂರಿನಿಂದ ಹಾರ್ವುಡ್ ದೊರೆ ಎಂಬ ಮಿಷನರಿ ಬಂದು ಗಂಡಹೆಂಡಿರನ್ನು ಹೊಳೆಯಲ್ಲಿ ಮುಳುಗಿಸಿ ದೀಕ್ಷಾಸ್ನಾನ ಕೊಟ್ಟ. ಊರಿನವರು ದಡದಲ್ಲಿ ಮೂಗು ಮುಚ್ಚಿಕೊಂಡು ನೋಡಿದರು. ಮಡಿವಾಳರು ಬಟ್ಟೆ ಎತ್ತಿಕೊಂಡು ಮೇಲುನೀರಿಗೆ ಹೋದರು.

ಪ್ರಾರ್ಥನಾಲಯದ ಗೋಡೆ ಕಟ್ಟುವಾಗ ಕೆಂಪಣ್ಣನೂ ಕಲ್ಲು ಹೊತ್ತನಂತೆ. ‘ಇಡ್ಕಳ್ಳಾಕೆ ಬೆರಳೆಲ್ಲಿದ್ವು ಟೀಚರಮ್ಮ? ಮಣಿಕಟ್ಟಿಗೆ ಬಟ್ಟೆ ಸುತ್ಕಂಡು, ಎದೆಗವಚ್ಕಂಡು ತತ್ತಿದ್ನಂತೆ. ಬೀಳದಂಗೆ ಚಿಕ್ಕಮ್ಮ ಇಂದ್ಗಡೆಯಿಂದ ಸೊಂಟ ಇಡ್ಕಳ್ಳೋಳಂತೆ. ನಮ್ಮಪ್ಪ ಕಣ್ಣಾರೆ ಕಂಡಿದ್ದ’ ಎಂದು ನಂಜಪ್ಪ ಹೇಳಿ, ಮೂಗೊರೆಸಿಕೊಂಡ ಕೈಯಲ್ಲೇ ನನಗೆ ಬಾಳೆಹಣ್ಣು ಕೊಟ್ಟ.

ಮನೆಗೆ ಬಂದು ರಾತ್ರಿಯೂಟಕ್ಕೂ ಮೊದಲು ಅಷ್ಟನ್ನೂ ಬರೆದಿಟ್ಟೆ. ಬಾಳೆಹಣ್ಣನ್ನು ಹಸುವಿಗೆ ಹಾಕಿದೆ.

೩ ಫೆಬ್ರವರಿ, ಭಾನುವಾರ

ಹೊಲಿಗೆಯವನ ಮಗಳು ನೀಲಾಂಬಿಕೆ ವಾಪಸು ಬಂದಿದ್ದಾಳೆ. ಬೇಸಿಗೆ ರಜೆಯಲ್ಲಿ ನಾನು ನಡೆಸುತ್ತಿದ್ದ ಬೈಬಲ್ ಕ್ಲಾಸಿಗೆ ಎಣ್ಣೆ ಸುರಿಯುವ ಜಡೆ ಹಾಕಿಕೊಂಡು ಬರುತ್ತಿದ್ದ ಹುಡುಗಿ. ನಮ್ಮ ಬ್ಯಾಪ್ಟಿಸ್ಟರಲ್ಲಿ ಕೂಸಿಗೆ ದೀಕ್ಷಾಸ್ನಾನ ಕೊಡುವುದಿಲ್ಲ. ಬುದ್ಧಿ ಬಲಿತು ತಾನಾಗಿ ನಂಬಿಕೆ ಹೇಳಿಕೊಂಡ ಮೇಲೇ ಮುಳುಗುವುದು. ಇವಳು ಅದಕ್ಕೂ ಮೊದಲೇ ಚನ್ನರಾಯಪಟ್ಟಣದ ಲಾರಿ ಡ್ರೈವರ್ ಪುಟ್ಟರಾಜುವಿನ ಜೊತೆ ಓಡಿಹೋದಳು. ಅವನು ಹೋದ ವರ್ಷ ಸತ್ತನಂತೆ. ಅತ್ತೆ ಮನೆಯವರು ಆಚೆ ಹಾಕಿದರಂತೆ. ಇಲ್ಲಿ ಅಪ್ಪ ಅಮ್ಮ ಇಬ್ಬರೂ ಇಲ್ಲ. ಪಾಸ್ಟರ್ ಜಯಂತ್ ಇನ್ನೂ ಎಳೆಯ, ಮರುಳ. ಮುರಿದ ಬೆಂಚು, ಶಾಮಿಯಾನದ ಗಳ ಇಡುವ ಚರ್ಚಿನ ಹಿಂದಿನ ಕೋಣೆಯನ್ನು ಅವಳಿಗೆ ಬಿಟ್ಟುಕೊಟ್ಟಿದ್ದಾನೆ.

ಅಷ್ಟು ಬೆಂಚುಗಳಿದ್ದರೂ ನನ್ನ ಪಕ್ಕವೇ ಬಂದು ಕೂತಳು. ನೆನೆದ ಗೋಣಿಚೀಲದ ವಾಸನೆ. ಕೀರ್ತನೆಗೆ ಬಾಯಿ ತೆರೆದಾಗ ನಾಲಿಗೆಯ ಮೇಲೆ ಮೊಸರು ಬಳಿದ ಹಾಗೆ ಬಿಳಿ. ಸೆರಗಿಗೆ ಕೆಮ್ಮಿ, ಅದೇ ಸೆರಗನ್ನು ಹೊದ್ದುಕೊಂಡಳು. ನಾನು ಬೆಂಚಿನ ತುದಿಗೆ ಸರಿದೆ. ಅವಳು ಅದನ್ನು ನೋಡಿ, ತಾನೂ ಆ ತುದಿಗೆ ಸರಿದಳು. ಒಂದು ಬೆಂಚು ಪೂರ್ತಿ ನಮ್ಮಿಬ್ಬರಿಗೇ ಆಯಿತು.

೨೪ ಫೆಬ್ರವರಿ, ಭಾನುವಾರ

ಬರೆದದ್ದನ್ನು ಸಮಿತಿಯ ಮುಂದೆ ಓದಿದೆ. ಕುಷ್ಠ ಎಂಬ ಮಾತು ಬಂದೊಡನೆ ಮೋಹನ್‌ಕುಮಾರ್ ಕೈ ಎತ್ತಿ ನಿಲ್ಲಿಸಿದ. ಅವನ ಮಗಳು ಅನುಶ್ರೀಗೆ ಹಾಸನದಲ್ಲಿ ಸಂಬಂಧ ಕೂಡಿಬರುತ್ತಿದೆ. ಹುಡುಗನ ಕಡೆಯವರು ಉತ್ಸವಕ್ಕೆ ಬರುತ್ತಾರೆ, ಸಂಚಿಕೆ ಓದುತ್ತಾರೆ.

‘ನಮ್ ತಾತುಂದು ತೆಗ್ದಾಕ್ಬುಡಿ. ರೋಗ ವಂಶದಾಗೈತೆ ಅಂದ್ಕತ್ತಾರೆ. ದೊರೆ ಬಂದ್ರು, ಕಟ್ಸಿದ್ರು, ಅಂತ ಬರೀರಿ ಸಾಕು.’

ಗೋಡೆ ಕಟ್ಟಿದ್ದು ದೊರೆಯಲ್ಲ, ನಿನ್ನ ತಾತ, ಅದೂ ಬೆರಳಿಲ್ಲದ ಕೈಯಲ್ಲಿ, ಎಂದೆ. ಅವನ ಮುಖ ಕಪ್ಪಿಟ್ಟಿತು. ಉಳಿದವರು ಬೋಂಡ ತಿನ್ನುತ್ತಿದ್ದರು. ಪಾಸ್ಟರ್ ಜಯಂತ್ ಜಂತೆಯಲ್ಲಿ ನೇತಾಡುವ ಬಾವಲಿಗಳನ್ನು ಆಸಕ್ತಿಯಿಂದ ನೋಡುತ್ತಿದ್ದ. ಹುಟ್ಟಿಸಿದವನನ್ನು ಅಳಿಸಿಹಾಕಿ ಅವನ ಮನೆಯಲ್ಲೇ ಕೂತು ಬೋಂಡ ಚಪ್ಪರಿಸುವ ಜನ. ಎಣ್ಣೆ ಮೆತ್ತಿದ ಬೆರಳು, ಎಣ್ಣೆ ಮೆತ್ತಿದ ತುಟಿ. ಒಂದು ಅಕ್ಷರವನ್ನೂ ತೆಗೆಯುವುದಿಲ್ಲ ಅಂದು ಎದ್ದು ಬಂದೆ.

೧೭ ಮಾರ್ಚ್, ಭಾನುವಾರ

ಈಸ್ಟರ್ ದಿನ ದೀಕ್ಷಾಸ್ನಾನ ಪಡೆಯುವವರ ಹೆಸರು ಓದಿದರು. ಮೂವರು ಹುಡುಗರು, ಅನುಶ್ರೀ, ಮತ್ತೆ ನೀಲಾಂಬಿಕೆ. ಗೊರೂರಿನಲ್ಲಿ ಅಣೆಕಟ್ಟೆ ಆದ ಮೇಲೆ ಬೇಸಿಗೆಯಲ್ಲಿ ಹೊಳೆ ಸೊರಗುತ್ತದೆಂದು ಪ್ರಸಂಗಪೀಠದ ಕೆಳಗೇ ತೊಟ್ಟಿ ತೋಡಿಸಿದ್ದಾರೆ. ಹಲಗೆ ಎತ್ತಿದರೆ ನಾಲ್ಕು ಮೆಟ್ಟಿಲು, ಎದೆಮಟ್ಟ ನೀರು. ಊರ ಮುಂದೆ ಒದ್ದೆಯಾಗುವ ನಾಚಿಕೆಯೂ ತಪ್ಪಿತು.

ಮುಳುಗುವವರು ಮೊದಲು ಸಭೆಯ ಮುಂದೆ ಸಾಕ್ಷಿ ಹೇಳಬೇಕು. ಹುಡುಗರು ಬಾಯಿಪಾಠ ಒಪ್ಪಿಸಿದರು. ನೀಲಾಂಬಿಕೆ ಬೆಂಚು ಹಿಡಿದುಕೊಂಡು ನಿಂತು, ‘ನಂಗೆ ಎಚ್ಚು ಗೊತ್ತಿಲ್ಲ. ಎಲ್ಲಾರೂ ಆಚೆ ಓಗು ಅಂದ್ರು. ಇಲ್ಲಿ ಬಾ ಅಂದವ್ರೆ ಅಂತ ಚಿಕ್ಕೋಳಿದ್ದಾಗ ಟೀಚರಮ್ಮ ಏಳ್ಕೊಟ್ಟಿದ್ರು. ಅದ್ಕೇ ಬಂದೆ’ ಅಂದು ಕೂತುಬಿಟ್ಟಳು. ಪಾಪ, ಪರಿಹಾರ, ಪುನರ್ಜನ್ಮ, ಒಂದರ ಸುದ್ದಿಯೂ ಇಲ್ಲ. ನಾನು ಪರೀಕ್ಷೆ ಮಾಡುತ್ತಿದ್ದರೆ ಪಾಸು ಮಾಡುತ್ತಿರಲಿಲ್ಲ. ಅಷ್ಟು ವರ್ಷದ ಹಿಂದೆ ಏನು ಹೇಳಿಕೊಟ್ಟಿದ್ದೆನೋ, ನನಗೆ ನೆನಪಿಲ್ಲ.

೨೨ ಮಾರ್ಚ್, ಶುಕ್ರವಾರ

ಮೋಹನ್‌ಕುಮಾರನ ಬಾಮೈದ ನೀಲಾಂಬಿಕೆಯನ್ನು ಹಾಸನದ ಆಸ್ಪತ್ರೆಯಲ್ಲಿ ನೋಡಿದನಂತೆ, ಯಾವ ಕೋಣೆಯ ಮುಂದೆ ಕೂತಿದ್ದಳು ಎಂಬುದನ್ನೂ. ಏಡ್ಸ್. ಗಂಡನಿಂದ ಬಂದದ್ದು. ಸಂಜೆಯ ಹೊತ್ತಿಗೆ ಸಭೆಯ ಮನೆಮನೆಗೂ ಮುಟ್ಟಿತು. ಅನುಶ್ರೀಯ ತಾಯಿ ನನ್ನ ಬಾಗಿಲಿಗೇ ಬಂದು, ಅದೇ ತೊಟ್ಟಿಗೆ ನನ್ನ ಮಗಳು ಇಳಿಯುವುದಿಲ್ಲ ಅಂದಳು. ನೀಲಾಂಬಿಕೆ ಕೊನೆಗೆ ಇಳಿಯಲಿ ಬಿಡಿ ಎಂದರೆ, ಬರೋ ವರ್ಷ ಯಾರು ಇಳೀತಾರೆ ಅಂದಳು. ನೀರು ಬಸಿದು ಹೊಸ ನೀರು ತುಂಬುತ್ತಾರಲ್ಲಮ್ಮ ಎಂದೆ. ಗಾರೆ ಇರುತ್ತದಲ್ಲ ಅಂದಳು.

ಪಾಸ್ಟರನ್ನು ಕೇಳಿದೆ. ಅವನು ಡಾಕ್ಟರನ್ನು ವಿಚಾರಿಸಿದ್ದಾನೆ. ನೀರಿನಿಂದ, ಮುಟ್ಟುವುದರಿಂದ, ಜೊತೆಯಲ್ಲಿ ಉಣ್ಣುವುದರಿಂದ ಹರಡುವುದಿಲ್ಲವಂತೆ. ಖಂಡಿತವೇ ಎಂದು ಇನ್ನೊಮ್ಮೆ ಕೇಳಿದೆ. ಬೆಂಚಿನಲ್ಲಿ ಕೂತಿದ್ದಕ್ಕೆ ಏನೂ ಆಗುವುದಿಲ್ಲ ತಾನೇ ಎಂದೂ ಕೇಳಿದೆ. ಬಂದು ಸ್ನಾನ ಮಾಡಿದೆ.

೨೪ ಮಾರ್ಚ್, ಭಾನುವಾರ

ನಮಗೆ ಬಿಷಪ್ ಇಲ್ಲ, ಮೇಲಿನವರು ಕೆಳಗಿನವರು ಇಲ್ಲ, ಸ್ನಾನವಾದ ಪ್ರತಿಯೊಬ್ಬರಿಗೂ ಒಂದು ಕೈ, ಎಲ್ಲ ಕೈಗೂ ಒಂದೇ ಬೆಲೆ: ಇದು ನಮ್ಮ ಜಂಬ. ಆ ಕೈಗಳು ಇವತ್ತು ಎದ್ದವು. ನೀಲಾಂಬಿಕೆಯ ಸ್ನಾನವನ್ನು ‘ಸದ್ಯಕ್ಕೆ’ ಮುಂದೂಡುವುದು, ಉತ್ಸವದ ಸಾಮಾನು ಇಡಲು ಹಿಂದಿನ ಕೋಣೆ ಖಾಲಿ ಮಾಡಿಸುವುದು. ಬಳೆಯ ಕೈ, ವಾಚಿನ ಕೈ, ನಡುಗುವ ಮುದಿ ಕೈ. ನಂಜಪ್ಪನ ಕೈ ಕೂಡ. ಕಂಕುಳಲ್ಲಿ ಬೆವರಿನ ಕಲೆ ತೋರಿಸಿಕೊಂಡು ದೇವರ ಹೆಸರಿನಲ್ಲಿ ಒಂದು ಹೆಣ್ಣನ್ನು ಆಚೆಗೆ ಹಾಕಿದರು. ಬೇಡ ಎಂದು ಎತ್ತಿದವರು ನಾನು ಮತ್ತು ಸುಬ್ಬಮ್ಮ. ಗಂಡ ಹಾಗೆತ್ತಿದರೆ ಹೆಂಡತಿ ಹೀಗೆ. ನಾನು ಎತ್ತಿದ್ದು ಆ ಹುಡುಗಿಯ ಮೇಲಿನ ಪ್ರೀತಿಗಲ್ಲ. ಮೋಹನ್‌ಕುಮಾರನ ಮುಖ ಕಂಡರಾಗದು, ಅದಕ್ಕೆ.

ಹೊರಗೆ ಬಂದರೆ ಮೆಟ್ಟಿಲ ಮೇಲೆ ಕೂತಿದ್ದಳು. ಒಳಗಿನದೆಲ್ಲ ಕೇಳಿಸಿದೆ. ಕಾಲ ಬಳಿ ಒಂದು ಟ್ರಂಕು, ಒಂದು ವೈರ್ ಬುಟ್ಟಿ.

‘ಚನ್ನರಾಯಪಟ್ಣಕ್ಕೆ ಒಯ್ತೀನಿ ಟೀಚರಮ್ಮ’ ಅಂದಳು.

‘ಅಲ್ಲಿ ಯಾರಿದ್ದಾರೆ?’

‘ಯಾರೂ ಇಲ್ಲ.’

ಜನ ಮೆಟ್ಟಿಲಿಳಿಯುತ್ತ ಅವಳಿಗೆ ತಾಗದ ಹಾಗೆ ಸೀರೆ ಒಟ್ಟುಮಾಡಿಕೊಂಡು ಹೋಗುತ್ತಿದ್ದರು. ಅದನ್ನು ನೋಡಿ ನನಗೆ ತಲೆ ಕೆಟ್ಟಿತು. ಟ್ರಂಕಿನ ಒಂದು ಹಿಡಿಕೆ ಹಿಡಿದು ಏಳು ಅಂದೆ. ನಾಲ್ಕು ದಿನ ನನ್ನ ಮನೆಯಲ್ಲಿ ಇರಲಿ, ಆಮೇಲೆ ಎಲ್ಲಾದರೂ ನೋಡೋಣ.

೨೫ ಮಾರ್ಚ್, ಸೋಮವಾರ

ದೊಡ್ಡ ತಪ್ಪು ಮಾಡಿದೆ. ಇರುಳೆಲ್ಲ ಕೆಮ್ಮು. ಬಚ್ಚಲಲ್ಲಿ ಕಫ. ನಿಯಮ ಹೇಳಿದ್ದೇನೆ: ಅಂಚು ಮುಕ್ಕಾದ ತಟ್ಟೆ ಅವಳದು, ಹಿತ್ತಿಲ ಕಕ್ಕಸು ಅವಳದು, ಅಡುಗೆಮನೆ ಹೊಸಿಲು ದಾಟಬಾರದು. ಎಲ್ಲದಕ್ಕೂ ಹೂಂ ಅನ್ನುತ್ತಾಳೆ. ಎದುರಾಡಿದ್ದರೆ ಬೈದು ಕಳಿಸಬಹುದಿತ್ತು. ಮನೆಯೆಲ್ಲ ಫಿನಾಯಿಲಿನಲ್ಲಿ ಒರೆಸಿದೆ. ನನಗೇ ತಲೆನೋವು ಬಂತು.

೩೧ ಮಾರ್ಚ್, ಈಸ್ಟರ್

ನಾಲ್ವರು ಮುಳುಗಿ ಎದ್ದರು. ತೊಟ್ಟಿಗೆ ಹೊಸದಾಗಿ ನೀಲಿ ಬಣ್ಣ ಬಳಿಸಿದ್ದಾರೆ. ಬಣ್ಣದ ವಾಸನೆಗೆ ಅನುಶ್ರೀ ಕೆಮ್ಮಿದಳು. ಮೋಹನ್‌ಕುಮಾರ್ ಆನಂದಬಾಷ್ಪ ಸುರಿಸಿದ. ಊಟಕ್ಕೆ ನಿಲ್ಲದೆ ಬಂದೆ.

ನೀರು ತಣ್ಣಗಿತ್ತಾ ಅಂತ ನೀಲಾಂಬಿಕೆ ಕೇಳಿದಳು.

೧೨ ಏಪ್ರಿಲ್, ಶುಕ್ರವಾರ

ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಬಸ್ಸಿನಲ್ಲಿ ನನ್ನ ಮಡಿಲಿಗೇ ವಾಂತಿ ಮಾಡಿಕೊಂಡಳು. ಕಂಡಕ್ಟರ್ ಇಬ್ಬರನ್ನೂ ದಾರಿಯಲ್ಲೇ ಇಳಿಸಲು ನೋಡಿದ. ಮಲ್ಲಿಪಟ್ಟಣದಲ್ಲಿ ಮಕ್ಕಳನ್ನು ಹೆದರಿಸುತ್ತಿದ್ದ ದನಿ ಇನ್ನೂ ಇದೆ ಅಂತ ಗೊತ್ತಾಯಿತು. ಒಳ್ಳೆಯ ಸೀರೆ ಹಾಳು. ಹೇಸಿಗೆ.

೨೯ ಏಪ್ರಿಲ್, ಸೋಮವಾರ

ಸೆಕೆ. ಅರ್ಧ ಮುದ್ದೆ ಹಾಗೇ ಬಿಟ್ಟಳು. ರಾಗಿ ಎಸೆಯುವುದು ನನಗಾಗದು. ಅವಳ ತಟ್ಟೆಯನ್ನು ಎಳೆದುಕೊಂಡು ನಾನೇ ಮುಗಿಸಿದೆ. ಸಾರಿಗೆ ಉಪ್ಪು ಕಡಿಮೆ. ನಾಳೆಯಿಂದ ಒಲೆಯ ಹತ್ತಿರ ನಿಂತು ರುಚಿ ನೋಡು ಅಂದಿದ್ದೇನೆ.

೬ ಮೇ, ಸೋಮವಾರ

ಸಂಚಿಕೆ ಅಚ್ಚಾಗಿ ಬಂದಿದೆ. ಪಾಸ್ಟರ್ ಜಯಂತ್ ತಂದುಕೊಟ್ಟು, ಕುಡಿಯಲು ನೀರನ್ನೂ ಕೇಳದೆ ಹೊರಟುಹೋದ. ಮೊದಲ ಪುಟಕ್ಕೆ ಹಾರ್ವುಡ್ ದೊರೆಯ ಮೀಸೆ. ಎರಡನೆಯದಕ್ಕೆ ಮೋಹನ್‌ಕುಮಾರ್ ದಂಪತಿ. ನಾನು ಬರೆದ ಚರಿತ್ರೆಯಲ್ಲಿ ಕೆಂಪಣ್ಣ ‘ಬಾಗೂರಿನ ಶ್ರೀಮಂತ ರೈತರೂ ಕೊಡುಗೈ ದಾನಿಗಳೂ’ ಆಗಿಬಿಟ್ಟಿದ್ದಾನೆ. ಜಾಗ ದಾನ ಮಾಡಿದನಂತೆ. ಚಿಕ್ಕಮ್ಮ ಇಲ್ಲವೇ ಇಲ್ಲ. ಕೆಳಗೆ ದಪ್ಪ ಅಕ್ಷರದಲ್ಲಿ ನನ್ನ ಹೆಸರು.

ಹಿತ್ತಿಲಿಗೆ ಹೋಗಿ ಉಗಿದು ಬಂದೆ. ಆಮೇಲೆ ನಾನು ಬರೆದಿದ್ದ ಮೂಲವನ್ನು ನೀಲಾಂಬಿಕೆಗೆ ಪೂರ್ತಿ ಓದಿ ಹೇಳಿದೆ. ಯಾರಿಗಾದರೂ ಓದಬೇಕಿತ್ತು. ಸೊಂಟ ಹಿಡಿದುಕೊಳ್ಳುವ ಜಾಗವನ್ನು ಇನ್ನೊಮ್ಮೆ ಓದಿ ಅಂದಳು.

೧೯ ಮೇ, ಭಾನುವಾರ

ಇವತ್ತು ಅಮೃತ ಮಹೋತ್ಸವ. ವೇದಿಕೆಯ ಮೇಲೆ ನಾನು ಚರಿತ್ರೆ ಓದಬೇಕಿತ್ತು. ಹೋಗಲಿಲ್ಲ. ಮೈಕು ಮನೆಯವರೆಗೂ ಕೇಳುತ್ತದೆ. ನನ್ನ ಹೆಸರು ಕೂಗಿದಾಗ ನಾನು ನೀಲಾಂಬಿಕೆಯ ತಲೆ ಬಾಚುತ್ತಿದ್ದೆ. ಕೂದಲು ಗೊಂಚಲು ಗೊಂಚಲಾಗಿ ಬಾಚಣಿಗೆಗೆ ಬರುತ್ತದೆ.

‘ಅಮ್ಮ, ನಿಮ್ನ ಕರೀತಾವ್ರೆ.’

ಕರೀಲಿ ಅಂದೆ. ಮತ್ತೆ ಕೂಗಿದರು, ಆಮೇಲೆ ಇನ್ಯಾರೋ ಓದಿದರು. ದಾನಿಗಳ ಹೆಸರಿಗೆ ಚಪ್ಪಾಳೆ ಬಿತ್ತು. ಆಗ ನೀಲಾಂಬಿಕೆ, ‘ಕೆಂಪಣ್ಣಂಗೆ ಒಳೇಲೇ ಆಗಿದ್ದಲ್ವಾ ಅಮ್ಮ. ನಂಗೂ ಅಲ್ಲೇ ಆಗ್ಬೋದಾ?’ ಅಂದಳು.

ಹೊಳೆಯಲ್ಲಿ ಈಗ ಏನೇನಿದೆ ಅಂತ ಹೇಳಿದೆ. ಚರಂಡಿ, ಎಮ್ಮೆ ಸಗಣಿ, ಬಾರಿನವರು ಎಸೆಯುವ ಬಾಟಲಿ ಚೂರು. ಕಾಲಲ್ಲಿ ಹುಣ್ಣಿಟ್ಟುಕೊಂಡು ಹೊಳೆಯಂತೆ ಹೊಳೆ ಎಂದು ಬೈದೆ. ಸಂಜೆ ಜ್ವರ ಏರಿತು.

೨ ಜೂನ್, ಭಾನುವಾರ

ಪಾಸ್ಟರನ್ನು ಅವನ ಮನೆಯಲ್ಲೇ ಕಂಡೆ. ತೊಟ್ಟಿ ಬೇಡ, ನೀಲಾಂಬಿಕೆಗೆ ಹೊಳೆಯಲ್ಲಿ ದೀಕ್ಷಾಸ್ನಾನ ಕೊಡು, ಯಾರಿಗೂ ಹೇಳಬೇಡ, ಅವಳು ಹೆಚ್ಚು ದಿನ ಬದುಕುವವಳಲ್ಲ ಎಂದೆ. ತಲೆ ತಗ್ಗಿಸಿಕೊಂಡು, ‘ಟೀಚರಮ್ಮ, ದೇವರು ಹೃದಯ ನೋಡುತ್ತಾನೆ. ನೀರೇ ಮುಖ್ಯವಲ್ಲ’ ಅಂದ.

ನೀರಿನಲ್ಲಿ ಪೂರ್ತಿ ಮುಳುಗಬೇಕು ಎಂಬ ಒಂದು ಮಾತಿಗಾಗಿ ಉಳಿದೆಲ್ಲ ಚರ್ಚುಗಳಿಂದ ಬೇರೆ ನಿಂತ ಜನ ನಾವು. ಆ ಸಭೆಯ ಪಾಲಕ ನೀರು ಮುಖ್ಯವಲ್ಲ ಅನ್ನುತ್ತಾನೆ. ಒಳಗೆ ಬಸುರಿ ಹೆಂಡತಿ ಪಾತ್ರೆ ತೊಳೆಯುತ್ತಿದ್ದಳು. ಅವನ ಕೆಲಸ, ಮನೆ ಎಲ್ಲ ಸಮಿತಿಯ ಕೈಯಲ್ಲಿದೆ. ಅವನ ಮುಖ ನೋಡಿ ವಾಕರಿಕೆ ಬಂತು. ಕನಿಕರವೂ ಬಂತು, ಅದಕ್ಕೆ ಇನ್ನಷ್ಟು ವಾಕರಿಕೆ.

೭ ಜೂನ್, ಶುಕ್ರವಾರ

ನಂಜಪ್ಪ ಬಂದು ಜಗಲಿಯ ಕೆಳಗೆ ನಿಂತಿದ್ದ. ಸುಬ್ಬಮ್ಮ ಅವನ ಜೊತೆ ಮಾತು ಬಿಟ್ಟು ಎರಡು ತಿಂಗಳ ಮೇಲಾಯಿತಂತೆ. ಅನ್ನ ಇಟ್ಟು ಗೋಡೆಯ ಕಡೆ ತಿರುಗುತ್ತಾಳಂತೆ. ಮೀಟಿಂಗಿನಲ್ಲಿ ಕೈ ಎತ್ತಿದ್ದು ಹೆದರಿಕೆಗೆ, ತಾನಿರುವ ಮನೆ ಮೋಹನ್‌ಕುಮಾರನದು ಅಂದ. ಅದು ನನಗೆ ಗೊತ್ತಿಲ್ಲದ್ದೇನಲ್ಲ. ಹೊಳೆಯ ಸ್ನಾನಕ್ಕೆ ನಾನು ಪಾಸ್ಟರನ್ನು ಕೇಳಿದ್ದೂ ಅವನ ಕಿವಿಗೆ ಬಿದ್ದಿತ್ತು. ಏನು ಬೇಕು ಹೇಳು ಅಂದೆ.

‘ತೊಟ್ಟೀಲಿ ಮುಳುಗ್ಸೋವಾಗ ಪಾಸ್ಟರ್ ಒಂದ್ಕಡೆ ಇಡ್ಕಂಡ್ರೆ ಇನ್ನೊಂದ್ಕಡೆ ಇಡ್ಕಳ್ಳೋನು ನಾನೇಯ. ಒಳೇಲಿ ಕಾಲಿಡೋ ಜಾಗಾನೂ ನಂಗೊತ್ತು. ನೀವು ಊಂ ಅಂದ್ರೆ ಬತ್ತೀನಿ.’

ಪಾಸ್ಟರ್ ಇಲ್ಲದೆ ಯಾರು ಕೊಡುವುದು ಎಂದೆ. ಅವನು ನನ್ನನ್ನೇ ನೋಡಿದ.

ಹುಚ್ಚು. ಅರವತ್ತೆರಡು ವರ್ಷದ ಹೆಂಗಸು ನಾನು. ಮೊಣಕಾಲು ನೋವು.

೯ ಜೂನ್, ಭಾನುವಾರ

ಬೆಳಕು ಹರಿಯುವ ಹೊತ್ತಿಗೆ ಆಟೋದಲ್ಲಿ ಹೋದೆವು. ಸುಬ್ಬಮ್ಮ ಒಣ ಸೀರೆ, ಕಂಬಳಿ, ಫ್ಲಾಸ್ಕಿನಲ್ಲಿ ಬಿಸಿನೀರು ತಂದಿದ್ದಳು. ಸೇತುವೆಯಿಂದ ಕೆಳಕ್ಕೆ ಸ್ವಲ್ಪ ದೂರ, ನಂಜಪ್ಪ ಹಿಂದಿನ ದಿನ ನೋಡಿಟ್ಟಿದ್ದ ಜಾಗ. ದಡದಲ್ಲಿ ನಾನು ಹೇಳಿದ್ದೆಲ್ಲ ಇತ್ತು: ಸಗಣಿ, ಪ್ಲಾಸ್ಟಿಕ್ಕು, ಯಾರದೋ ಹರಿದ ಹಾಸಿಗೆ, ಬೆಳಿಗ್ಗೆ ಕೂತೆದ್ದವರ ಗುರುತು. ಸೀರೆ ಎತ್ತಿ ಹಿಡಿದು, ನೋಡಿ ನೋಡಿ ಕಾಲಿಟ್ಟೆ. ನೀರು ಕಂದು, ಮೇಲೆ ನೊರೆ. ಬೆರಳ ಸಂದಿಗೆ ಕೆಸರು ನುಗ್ಗಿದಾಗ ಮೈ ಜುಮ್ಮೆಂದಿತು. ಅರ್ಧದಿಂದ ವಾಪಸು ಬರಬೇಕೆಂದಿದ್ದೆ. ಆದರೆ ಆ ಹುಡುಗಿ ನನ್ನ ತೋಳಿಗೆ ಜೋತುಬಿದ್ದಿದ್ದಳು, ತಿರುಗಿದ್ದರೆ ಬೀಳುತ್ತಿದ್ದಳು.

ಸೊಂಟದ ಮಟ್ಟಕ್ಕೆ ಬಂದಾಗ ನಂಜಪ್ಪ ನಿಲ್ಲಿಸಿದ. ಅವಳ ಮೈ ಸುಡುತ್ತಿತ್ತು, ಹಲ್ಲು ಕಟಕಟ ಅನ್ನುತ್ತಿತ್ತು. ಏನು ಹೇಳಬೇಕೆಂದು ರಾತ್ರಿ ಬಾಯಿಪಾಠ ಮಾಡಿದ್ದೆ, ಎಲ್ಲ ಮರೆತುಹೋಯಿತು. ನಂಬುತ್ತೀಯೇನೇ ಎಂದು ಕೇಳಿದೆ. ಊಂ ಅಂದಳು. ಯಾರನ್ನು ಎಂದು ಕೇಳಬೇಕಿತ್ತು, ಕೇಳಲಿಲ್ಲ. ತಂದೆ, ಮಗ, ಪವಿತ್ರಾತ್ಮ ಎಂದು ಮೂರು ಹೆಸರು ಹೇಳಿ, ನಾನು ಕತ್ತಿನ ಹಿಂದೆ, ನಂಜಪ್ಪ ಬೆನ್ನಿಗೆ ಕೈ ಕೊಟ್ಟು ಮಲಗಿಸಿದೆವು. ಹುಲ್ಲಿನ ಕಂತೆಯಷ್ಟೂ ಭಾರವಿಲ್ಲ. ನೀರು ಮುಖದ ಮೇಲೆ ಮುಚ್ಚಿತು. ಎತ್ತಿದಾಗ ಬಾಯಿಂದ ನೀರು ಉಗುಳಿ ಕೆಮ್ಮಿದಳು; ಆ ನೀರೆಲ್ಲ ನನ್ನ ಮುಖಕ್ಕೆ. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ನಗುತ್ತಿದ್ದಳು. ನಾನು ಬಂದ್ನಾ ಅಮ್ಮ ಒಳಕ್ಕೆ, ಅಂತ ಕೇಳಿದಳು. ಬಂದೆ ಕಣೆ, ನಡಿ, ಶೀತವಾಗುತ್ತೆ, ಎಂದೆ.

ಆಚೆ ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ಕೈ ನಿಲ್ಲಿಸಿ ನೋಡಿದಳು, ಮತ್ತೆ ಒಗೆಯತೊಡಗಿದಳು. ಸುಬ್ಬಮ್ಮ ಕಂಬಳಿ ಹಿಡಿದು ನಿಂತಿದ್ದಳು. ಮೊದಲು ನೀಲಾಂಬಿಕೆಗೆ ಹೊದಿಸಿ, ಆಮೇಲೆ ಗಂಡನ ತಲೆಯನ್ನು ತನ್ನ ಸೆರಗಿನಿಂದ ಒರೆಸಿದಳು. ‘ಮುದುಕಂಗೆ ಮಂಡಿ ಸರಿಗಿಲ್ಲ, ನಡುನೀರಿಗೆ ಒಯ್ತಾನೆ’ ಎಂದು ಬೈದಳು. ಮಾತು ಬಿಟ್ಟಮೇಲೆ ಅವಳು ಅವನಿಗೆ ಆಡಿದ ಮೊದಲ ಮಾತಂತೆ ಅದು.

ಮನೆಗೆ ಬಂದು ಎರಡು ಸಲ ಸೋಪು ಹಚ್ಚಿ ತೊಳೆದರೂ ಮೈಯಿಂದ ಹೊಳೆಯ ನಾತ ಹೋಗಿಲ್ಲ.

೧೬ ಜೂನ್, ಭಾನುವಾರ

ಮೀಟಿಂಗು ಕರೆದರು. ಹೆಂಗಸು, ಅದೂ ಪಾಲಕರ ಅಪ್ಪಣೆಯಿಲ್ಲದೆ, ದೀಕ್ಷಾಸ್ನಾನ ಕೊಟ್ಟದ್ದು ಸಭೆಗೆ ಅವಮಾನವಂತೆ. ಸ್ನಾನ ಸಿಂಧುವಲ್ಲವಂತೆ. ನನ್ನನ್ನೂ ನಂಜಪ್ಪನನ್ನೂ ಸದಸ್ಯತ್ವದಿಂದ ತೆಗೆಯಬೇಕೆಂದು ಮೋಹನ್‌ಕುಮಾರ್ ಎದ್ದುನಿಂತು ಹೇಳಿದ. ಏನಾದರೂ ಹೇಳುವುದಿದೆಯೇ ಅಂದರು. ಬೇಗ ಮುಗಿಸಿ, ಮನೆಯಲ್ಲಿ ಮಾತ್ರೆಯ ಹೊತ್ತಾಯಿತು ಎಂದೆ.

ಕೈಗಳು ಎದ್ದವು. ಎಲ್ಲ ಅಲ್ಲ. ಸುಬ್ಬಮ್ಮ ಕೈ ಕಟ್ಟಿ ಕೂತಿದ್ದಳು. ಅನುಶ್ರೀಗೆ ಸ್ನಾನವಾಗಿ ಸದಸ್ಯತ್ವ ಬಂದಿದೆ, ಕೈ ಎತ್ತುವ ಹಕ್ಕಿದೆ. ಅಪ್ಪ ತಿರುಗಿ ನೋಡಿದ. ಅವಳು ಕೀರ್ತನೆ ಪುಸ್ತಕವನ್ನು ಎರಡೂ ಕೈಯಲ್ಲಿ ಅಮುಕಿ ಹಿಡಿದುಕೊಂಡೇ ಇದ್ದಳು.

ಆದರೂ ನಮ್ಮನ್ನು ತೆಗೆದರು. ನಂಜಪ್ಪನಿಗೆ ಮನೆ ಖಾಲಿ ಮಾಡಲು ಹೇಳಿದ್ದಾರೆ. ನನ್ನ ಮನೆಯ ಹಿತ್ತಿಲ ಕೋಣೆಯಲ್ಲಿ ಕಟ್ಟಿಗೆ ಇದೆ; ತೆಗೆಸಿದರೆ ಇಬ್ಬರು ಇರಬಹುದು. ಅವನ ನಶ್ಯ ಒಂದನ್ನು ಹೇಗೆ ಸಹಿಸುವುದೋ.

ಅಲ್ಲಿ ಹುಟ್ಟಿ ಬೆಳೆದವಳು ನಾನು. ಬೇಜಾರಾಗಬೇಕಿತ್ತು. ಮೆಟ್ಟಿಲಿಳಿಯುವಾಗ ಹುರುಳಿ ನೆನೆಹಾಕಿದೆನೋ ಇಲ್ಲವೋ ಎಂದು ಯೋಚಿಸುತ್ತಿದ್ದೆ. ಕಟ್ಟಿನ ಸಾರು ಆದರೆ ನೀಲಾಂಬಿಕೆ ಎರಡು ತುತ್ತು ತಿನ್ನುತ್ತಾಳೆ.

೭ ಜುಲೈ, ಭಾನುವಾರ

ಜ್ವರ ಬಿಟ್ಟಿದೆ. ಬೆಳಿಗ್ಗೆ ನೀಲಾಂಬಿಕೆಯನ್ನು ಬಿಸಿಲಿಗೆಂದು ಜಗಲಿಯ ಮೇಲೆ ಕೂರಿಸಿದ್ದೆ. ಚರ್ಚಿನ ಗಂಟೆ ಹೊಡೆಯಿತು. ಹೊಸಬ ಯಾರೋ, ತಾಳವೇ ಇಲ್ಲ. ನಂಜಪ್ಪ ಹಿತ್ತಿಲಿನಿಂದ ಬಂದು ಜಗಲಿಯ ಮೂಲೆ ಹಿಡಿದು ಕೂತ. ಸುಬ್ಬಮ್ಮ ಬಂದಳು. ಅವಳ ಹಿಂದೆ ಇನ್ನಿಬ್ಬರು ಹೆಂಗಸರು, ಮಾರ್ಚಿನಲ್ಲಿ ನನ್ನ ಎದುರೇ ಕೈ ಎತ್ತಿದ್ದವರು, ಬೈಬಲ್ಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದರು. ಏನು ಎಂದು ಕೇಳಿದರೆ, ಸುಮ್ಮನೆ ಬಂದೆವು ಅಂದರು. ಚಪ್ಪಲಿಯ ಕೆಸರೆಲ್ಲ ಈಗಷ್ಟೇ ಸಾರಿಸಿದ ಜಗಲಿಗೆ ಬಳಿದರು.

ಕಡೆಗೆ ಅನುಶ್ರೀ. ಅತ್ತು ಕಣ್ಣು ಊದಿತ್ತು. ಬರುವ ಮೊದಲು ಹಾಸನದ ಹುಡುಗನಿಗೆ ಫೋನು ಮಾಡಿ ಮುತ್ತಾತನ ಕಾಯಿಲೆಯ ಸುದ್ದಿಯನ್ನು ತಾನೇ ಹೇಳಿಬಿಟ್ಟಳಂತೆ. ಅವನು ಏನಂದ ಎಂದು ಸುಬ್ಬಮ್ಮ ಕೇಳಿದಳು. ಯೋಚನೆ ಮಾಡ್ತೀನಿ ಅಂದನಂತೆ. ಮನೆಯಲ್ಲಿ ಗಲಾಟೆ. ಎಲ್ಲಿ ಕೂರಬೇಕೆಂದು ತಿಳಿಯದೆ ನಿಂತಿದ್ದಳು. ನೀಲಾಂಬಿಕೆ ತನ್ನ ಚಾಪೆಯ ಮೇಲೆ ಒತ್ತರಿಸಿಕೊಂಡು ಜಾಗ ಮಾಡಿದಳು. ಹುಡುಗಿ ಒಂದು ಗಳಿಗೆ ತಡೆದು, ಅಲ್ಲೇ ಕೂತಳು. ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ.

‘ಮುತ್ತಾತಂದು ಪೂರ್ತಿ ಕಥೆ ನಂಗೊತ್ತಿಲ್ಲ. ಹೇಳ್ತೀರಾ ಟೀಚರ್?’

ನಾನು ಕನ್ನಡಕಕ್ಕೆಂದು ಒಳಗೆ ಹೋದೆ. ಬರುವಷ್ಟರಲ್ಲಿ ನೀಲಾಂಬಿಕೆಯೇ ಹೇಳತೊಡಗಿದ್ದಳು, ಬಾಗೂರಿಂದ ಹಿಡಿದು, ತನ್ನದೇ ಮಾತಿನಲ್ಲಿ, ನಡುನಡುವೆ ಕೆಮ್ಮುತ್ತ. ಕೆಲವನ್ನು ತಪ್ಪು ಹೇಳಿದಳು, ತಿದ್ದಲಿಲ್ಲ. ಆಮೇಲೆ ಒಂದು ಕೀರ್ತನೆ ಹಾಡಿದರು. ಶ್ರುತಿಯಿಲ್ಲ, ತಾಳವಿಲ್ಲ, ನಂಜಪ್ಪ ಸರಿಯಾಗಿ ಎರಡನೆಯ ಚರಣಕ್ಕೆ ಸೀನಿದ. ಬೀದಿಯಲ್ಲಿ ಹೋಗುವವರೆಲ್ಲ ನಿಂತು ನೋಡುವ ಹಾಗಾಯಿತು.

ಹೋಗುವಾಗ ಯಾರೂ ಮುಂದಿನ ವಾರ ಬರುತ್ತೇವೆ ಅನ್ನಲಿಲ್ಲ, ನಾನೂ ಬನ್ನಿ ಅನ್ನಲಿಲ್ಲ. ಕೆಸರು ತೊಳೆದು ಸೊಂಟ ಹಿಡಿದುಕೊಂಡಿದೆ. ಇವರಿಗೆ ಬುದ್ಧಿಯಿಲ್ಲ, ಬರಿನೆಲದಲ್ಲಿ ಕೂತಿದ್ದರು. ಸೋಮವಾರದ ಸಂತೆಯಲ್ಲಿ ಇನ್ನೆರಡು ಚಾಪೆ ತರಬೇಕು.